ಮುಸುಕು ಕಳಚಿ ಬಂದ ದ್ವೇಷ

ದ್ವೇಷದ ಗುಂಪು ಎಂದೊಡನೆ ನಿಮ್ಮ ಕಣ್ಣ ಮುಂದೆ ಬರುವುದು ಬಿಳಿಯ ಮುಸುಕು, ಉರಿಯುವ ಶಿಲುಬೆ ಅಲ್ಲವೇ? ಅದೇ ಗುಂಪು ಮುಸುಕು ಕಳಚಿಟ್ಟು, ಸಭ್ಯ ಮಾತಿನಲ್ಲಿ ಒಂದು ಕಾಯಿದೆಯನ್ನು ಕೇಳಿದರೆ? ಅಮೆರಿಕದ ಪಶ್ಚಿಮ ಕರಾವಳಿಯ ಆರೆಗನ್ ರಾಜ್ಯದಲ್ಲಿ 1922ರಲ್ಲಿ ಆದದ್ದು ಇದೇ.

ಕು ಕ್ಲಕ್ಸ್ ಕ್ಲಾನ್ ಮೊದಲು ಹುಟ್ಟಿದ್ದು ಅಂತರ್ಯುದ್ಧದ ನಂತರ, ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರನ್ನು ಹೆದರಿಸಲು. 1915ರಲ್ಲಿ ಜಾರ್ಜಿಯಾದಲ್ಲಿ ಅದು ಮರುಹುಟ್ಟು ಪಡೆದಾಗ ಹಗೆಯ ಪಟ್ಟಿಗೆ ಯಹೂದಿಗಳು, ವಲಸೆಗಾರರು, ಕ್ಯಾಥೊಲಿಕರೂ ಸೇರಿದರು. 1921ರಲ್ಲಿ ಕ್ಲಾನ್ ಆರೆಗನ್ನಿಗೆ ಬಂದಿತು. ಅಲ್ಲಿ ಕಪ್ಪು ಜನರ ಸಂಖ್ಯೆ ತೀರಾ ಕಡಿಮೆ. ಹಾಗಾಗಿ ಮುಖ್ಯ ಗುರಿಯಾದವರು ಕ್ಯಾಥೊಲಿಕರು. ಅವರ ನಿಷ್ಠೆ ರೋಮಿನ ಪೋಪ್‌ಗೇ ಹೊರತು ದೇಶಕ್ಕಲ್ಲ ಎಂಬುದು ಪ್ರಚಾರ.

1922ರ ನವೆಂಬರ್‌ನಲ್ಲಿ ಒಂದು ಮಸೂದೆ ನೇರವಾಗಿ ಮತದಾರರ ಮುಂದೆ ಬಂತು. 8ರಿಂದ 16 ವರ್ಷದ ಮಕ್ಕಳೆಲ್ಲ ಸರ್ಕಾರಿ ಶಾಲೆಗೇ ಹೋಗಬೇಕು. ತಪ್ಪಿದರೆ ತಂದೆತಾಯಿಗೆ ದಂಡ ಅಥವಾ ಸೆರೆವಾಸ. ಕ್ಯಾಥೊಲಿಕ್ ಎಂಬ ಪದ ಅದರಲ್ಲಿ ಎಲ್ಲಿಯೂ ಇರಲಿಲ್ಲ. ಎಲ್ಲ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂತು ಕಲಿಯಲಿ ಎಂದರೆ ಬೇಡ ಎನ್ನುವವರು ಯಾರು? ಆದರೆ ಅದರ ಹೊಡೆತ ಬೀಳುತ್ತಿದ್ದುದು ಮುಖ್ಯವಾಗಿ ಕ್ಯಾಥೊಲಿಕ್ ಶಾಲೆಗಳ ಮೇಲೆ. ಮಸೂದೆ ಸುಮಾರು 12 ಸಾವಿರ ಮತಗಳ ಅಂತರದಿಂದ ಗೆದ್ದಿತು. ಕ್ಲಾನನ್ನು ಬಹಿರಂಗವಾಗಿ ಖಂಡಿಸಿದ್ದ ಗವರ್ನರ್ ಬೆನ್ ಆಲ್ಕಾಟ್ ಸೋತರು. ಕ್ಲಾನ್ ಬೆಂಬಲ ಪಡೆದ ವಾಲ್ಟರ್ ಪಿಯರ್ಸ್ ಆ ಸ್ಥಾನಕ್ಕೆ ಬಂದರು.

ಶಾಲೆ ನಡೆಸುತ್ತಿದ್ದ ಸನ್ಯಾಸಿನಿಯರು ಸುಮ್ಮನಿರಲಿಲ್ಲ, ನ್ಯಾಯಾಲಯಕ್ಕೆ ಹೋದರು. ಒಂದು ಖಾಸಗಿ ಸೈನಿಕ ಶಾಲೆಯೂ ಹೋಯಿತು. 1926ರಲ್ಲಿ ಜಾರಿಗೆ ಬರಬೇಕಿದ್ದ ಕಾಯಿದೆಯನ್ನು 1925ರ ಜೂನ್ 1ರಂದು ಅಮೆರಿಕದ ಸುಪ್ರೀಂ ಕೋರ್ಟ್ ಒಮ್ಮತದಿಂದ ತಳ್ಳಿಹಾಕಿತು. ಮಗು ಬರೀ ಸರ್ಕಾರದ ಸೊತ್ತಲ್ಲ, ಅದರ ಶಿಕ್ಷಣದ ದಾರಿಯನ್ನು ಆರಿಸುವ ಹಕ್ಕು ಹೆತ್ತವರಿಗಿದೆ ಎಂಬುದು ತೀರ್ಪಿನ ತಿರುಳು.

ಕತೆ ಅಲ್ಲಿಗೇ ಮುಗಿಯಲಿಲ್ಲ. 1923ರಲ್ಲಿ ಅದೇ ರಾಜ್ಯದ ಶಾಸನಸಭೆ, ಸರ್ಕಾರಿ ಶಾಲೆಯ ಶಿಕ್ಷಕರು ಧಾರ್ಮಿಕ ಉಡುಪು ತೊಡಬಾರದೆಂದು ಇನ್ನೊಂದು ಕಾಯಿದೆ ಮಾಡಿತ್ತು. ಅದರ ಗುರಿಯೂ ಸನ್ಯಾಸಿನಿಯರೇ. 1920ರ ದಶಕ ಮುಗಿಯುವ ಮುನ್ನವೇ ಆರೆಗನ್ನಿನಲ್ಲಿ ಕ್ಲಾನ್ ಕುಸಿಯಿತು. ಆದರೆ ಈ ಕಾಯಿದೆ ರದ್ದಾದದ್ದು 2010ರಲ್ಲಿ! ಮೊದಲು ಸನ್ಯಾಸಿನಿಯರಿಗೆಂದು ಮಾಡಿದ ನಿರ್ಬಂಧ, ಅಷ್ಟರಲ್ಲಿ ಪೇಟ ಸುತ್ತುವ ಸಿಖ್ ಶಿಕ್ಷಕರಿಗೂ ತಲೆವಸ್ತ್ರ ತೊಡುವ ಮುಸ್ಲಿಂ ಶಿಕ್ಷಕಿಯರಿಗೂ ಅಡ್ಡಿಯಾಗಿತ್ತು.

ಗುಂಪು ಚದುರಿದರೂ ಅದು ಬರೆಸಿದ ಕಾಯಿದೆ ಪುಸ್ತಕದಲ್ಲಿ ಉಳಿದುಬಿಡುತ್ತದೆ. ಎಲ್ಲರಿಗೂ ಒಂದೇ ಎನ್ನುವ ನಿಯಮ ನಿಮ್ಮ ಮುಂದೆ ಬಂದಾಗ ಒಂದು ಪ್ರಶ್ನೆ ಕೇಳಿ ನೋಡಿ: ಇದರಿಂದ ಬಾಗಿಲು ಮುಚ್ಚುವುದು ಯಾರ ಮನೆಯದು?