ಹೊಳೆಯ ಪರವಾಗಿ ಮಾತಾಡುವವರು ಯಾರು?

ನಮ್ಮಜ್ಜಿಯ ಊರಲ್ಲಿ ಕಬಿನಿಗೆ ಇಳಿಯೋಕೆ ಎರಡು ದಾರಿ. ಮೇಲ್ಗಡೆ ಸೋಪಾನಕಟ್ಟೆ ಊರಿನವರದು, ಕೆಳಗಡೆ ದನ ಇಳಿಯೋ ಜಾಗ ನಮ್ಮ ಕೇರಿಯದು. ಹೊಳೆಯನ್ನು ತಾಯಿ ಅಂದು ಬಾಗಿನ ಬಿಡುತ್ತಿದ್ದವರಿಗೆ ನಮ್ಮ ಕೊಡ ಮುಟ್ಟಿದ ನೀರು ಮಾತ್ರ ಮೈಲಿಗೆ. ಮೈಸೂರಿನ ಅಶೋಕಪುರಂನಲ್ಲಿ ನಲ್ಲಿ ತಿರುಗಿಸುವಾಗ ಈಗಲೂ ಅದು ನೆನಪಾಗುತ್ತದೆ. ಹಾಗಾಗಿ 'ನದಿಯೂ ಒಬ್ಬ ವ್ಯಕ್ತಿ' ಎಂಬ ಮಾತು ಕೇಳಿದಾಗ ನನಗೆ ಸಂತೋಷಕ್ಕಿಂತ ಮೊದಲು ಅನುಮಾನ ಬಂತು.

ಕಾನೂನಿನಲ್ಲಿ ವ್ಯಕ್ತಿ ಅಂದರೆ ಮನುಷ್ಯನೇ ಆಗಬೇಕಿಲ್ಲ. ಕಂಪನಿ ದಾವೆ ಹೂಡುತ್ತದೆ, ಗುಡಿಯ ದೇವರೂ ಆಸ್ತಿ ಇಟ್ಟುಕೊಳ್ಳುತ್ತದೆ. ಆದರೆ ಬಾಯಿಲ್ಲದ ವ್ಯಕ್ತಿಗೆ ಪಾಲಕ ಬೇಕು. ರಾಜಕಾರಣ ಇರೋದು ಅಲ್ಲೇ.

ನ್ಯೂಜಿಲೆಂಡಿನ ಮಾವೊರಿ ಜನ ವಾಂಗನೂಯಿ ನದಿ ತಮ್ಮ ಪೂರ್ವಿಕ ಎಂದು ನೂರಕ್ಕೂ ಹೆಚ್ಚು ವರ್ಷ ಹೋರಾಡಿದರು. ಕೊನೆಗೆ ಬಂದ ಕಾಯ್ದೆ ನದಿಗೆ ಇಬ್ಬರು ಪಾಲಕರನ್ನು ಕೊಟ್ಟಿತು. ಒಬ್ಬರನ್ನು ಸೂಚಿಸುವವರು ದಡದ ಜನ, ಇನ್ನೊಬ್ಬರನ್ನು ಸರ್ಕಾರ. ಅದಕ್ಕೆ ಅಂಕಿತ ಬಿದ್ದದ್ದು 2017ರ ಮಾರ್ಚ್ 20ರಂದು. ಅದೇ ದಿನ ನಮ್ಮ ಉತ್ತರಾಖಂಡ ಹೈಕೋರ್ಟು ಗಂಗೆ, ಯಮುನೆಯರನ್ನೂ ವ್ಯಕ್ತಿಗಳೆಂದು ಸಾರಿತು. ಪಾಲಕರು ಯಾರು? ರಾಜ್ಯದ ಮುಖ್ಯ ಕಾರ್ಯದರ್ಶಿ, ಅಡ್ವೊಕೇಟ್ ಜನರಲ್, ನಮಾಮಿ ಗಂಗೆಯ ನಿರ್ದೇಶಕರು. ತೀರ್ಪಿನಲ್ಲಿ ಹಿಂದೂಗಳ ನಂಬಿಕೆ, ನದಿಯ ಪಾವಿತ್ರ್ಯ ಬಂತು. ಮೀನು ಹಿಡಿಯುವವರು, ಬಟ್ಟೆ ಒಗೆಯುವವರು ಪಾಲಕರಾಗಿ ಬರಲಿಲ್ಲ. ಜುಲೈನಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟಿತು. ಮಾರ್ಚ್ 20 ನಮಗೆ ಬೇರೆಯದೇ ದಿನ. 1927ರ ಅದೇ ದಿನ ಬಾಬಾಸಾಹೇಬರು ಮಹಾಡಿನ ಚೌದಾರ್ ಕೆರೆಯ ನೀರು ಕುಡಿದರು. ನೀರು ಪವಿತ್ರವೋ ಅಲ್ಲವೋ ಅನ್ನೋದು ಅವರ ಪ್ರಶ್ನೆಯಾಗಿರಲಿಲ್ಲ. ನೀರಿನ ಮುಂದೆ ನಾವು ಮನುಷ್ಯರೋ ಅಲ್ಲವೋ ಅನ್ನೋದು ಪ್ರಶ್ನೆಯಾಗಿತ್ತು.

ಈ ಪ್ರಶ್ನೆಯನ್ನು ನಮ್ಮ ಪಕ್ಕದ ಕಾಡಿನವರೂ ಕೇಳಿದ್ದಾರೆ. ನಾಗರಹೊಳೆ ಕಾಡಿನೊಳಗೆ ಐಷಾರಾಮಿ ಹೋಟೆಲು ಎದ್ದಾಗ ನಾಗರಹೊಳೆ ಬುಡಕಟ್ಟು ಹಕ್ಕು ಸ್ಥಾಪನಾ ಸಮಿತಿ ಹೈಕೋರ್ಟಿಗೆ ಹೋಯಿತು. ಕೇಂದ್ರದ ಅನುಮತಿಯಿಲ್ಲದೆ ಅರಣ್ಯಭೂಮಿ ಗುತ್ತಿಗೆ ಕೊಟ್ಟದ್ದು ತಪ್ಪು ಎಂದು 1997ರಲ್ಲಿ ತೀರ್ಪಾಯಿತು. ಕಾಡು ಗೆದ್ದಿತು. ಗೆಲ್ಲಿಸಿದ ಜೇನುಕುರುಬರನ್ನು ಅದೇ ಕಾಡಿನಿಂದ ಎಬ್ಬಿಸೋದು ಮಾತ್ರ ನಿಲ್ಲಲಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಕಾಡನ್ನು ವ್ಯಕ್ತಿ ಅನ್ನಲಿಲ್ಲ. ಕಾಡು, ಪ್ರಾಣಿ, ನೀರಿನ ಮೂಲ ಕಾಯುವ ಅಧಿಕಾರವನ್ನು ಗ್ರಾಮಸಭೆಗೆ ಕೊಟ್ಟಿತು. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರು, ಅದು ಹುಲಿ ಮೀಸಲಾಗಿದ್ದರೂ, ಸಮುದಾಯ ಹಕ್ಕುಪತ್ರ ಪಡೆದರು. ನನಗೆ ದೊಡ್ಡದಾಗಿ ಕಾಣೋದು ಇದು. ಇಲ್ಲಿ ಪಾಲಕರು ಕಚೇರಿಯಿಂದ ಬರುವುದಿಲ್ಲ, ಪೋಡಿನಿಂದ ಬರುತ್ತಾರೆ.

ಹೊಳೆಗೆ ಹಕ್ಕು ಬೇಡ ಅಂತ ನಾನು ಹೇಳಲಾರೆ. ಆದರೆ ಪಾಲಕರ ಪಟ್ಟಿಯನ್ನು ಸೋಪಾನಕಟ್ಟೆಯವರೇ ಬರೆದರೆ ಹೊಳೆ ಮತ್ತೊಂದು ಗುಡಿಯಾಗುತ್ತದೆ, ನಾವು ಮತ್ತೆ ಹೊರಗೆ. ನದಿಯನ್ನು ತಾಯಿ ಎನ್ನುವ ಕಾಯ್ದೆಯನ್ನಾಗಲಿ, ಕಾವ್ಯವನ್ನಾಗಲಿ ಓದುವಾಗ ದಲಿತ ವಿಮರ್ಶೆ ಕೇಳಬೇಕಾದ್ದು ಇಷ್ಟೇ: ದನ ಇಳಿಯೋ ಜಾಗದಲ್ಲಿ ಕೊಡ ತುಂಬಿಕೊಂಡವಳಿಗೆ ಇಲ್ಲಿ ಬಾಯಿ ಇದೆಯಾ?