ಎಥಿಲೀನ್ ಗ್ಲೈಕಾಲ್: ಕೂಲಂಟ್ ಬಗ್ಗೆ ಐದು ತಪ್ಪು ಕಲ್ಪನೆಗಳು

ವಾಹನಗಳ ರೇಡಿಯೇಟರಿಗೆ ಹಾಕುವ ಕೂಲಂಟ್‌ನಲ್ಲಿ ಸಾಮಾನ್ಯವಾಗಿ ಇರುವ ಮುಖ್ಯ ರಾಸಾಯನಿಕ ಎಥಿಲೀನ್ ಗ್ಲೈಕಾಲ್. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ವುರ್ಟ್ಸ್ 1850ರ ದಶಕದಲ್ಲಿ ಇದನ್ನು ಮೊದಲು ತಯಾರಿಸಿದರು. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನೀರಿಗಿಂತ ಮಂದ, ರುಚಿ ಸಿಹಿ. ಇಷ್ಟು ಬಳಕೆಯಲ್ಲಿರುವ ದ್ರವದ ಬಗ್ಗೆ ತಪ್ಪು ತಿಳಿವಳಿಕೆಯೂ ಅಷ್ಟೇ ಇದೆ.

ತಪ್ಪು ಕಲ್ಪನೆ 1: ಹಿಮ ಬೀಳದ ನಮ್ಮೂರಿಗೆ ಕೂಲಂಟ್ ಏಕೆ? ನೀರೇ ಸಾಕು.
ಸತ್ಯ: ನೀರು, ಗ್ಲೈಕಾಲ್ ಸಮಪಾಲಿನ ಮಿಶ್ರಣ ಸುಮಾರು 107 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ಬಿಸಿಲೂರುಗಳಿಗೂ ಇದು ಲಾಭವೇ. ಜತೆಗೆ ಕೂಲಂಟ್‌ನಲ್ಲಿ ತುಕ್ಕು ತಡೆಯುವ ರಾಸಾಯನಿಕಗಳಿರುತ್ತವೆ. ಬೋರ್‌ವೆಲ್‌ನ ಗಡಸು ನೀರನ್ನೇ ಹಾಕುತ್ತಾ ಬಂದರೆ ಒಳಗೆ ಸುಣ್ಣದ ಪೊರೆ ಕಟ್ಟುತ್ತದೆ, ಸಣ್ಣ ಕೊಳವೆಗಳು ಮುಚ್ಚಿಕೊಳ್ಳುತ್ತವೆ, ಎಂಜಿನ್ ಬಿಸಿಯೇರುತ್ತದೆ.

ತಪ್ಪು ಕಲ್ಪನೆ 2: ನೀರು ಬೆರೆಸದೆ ಹಾಕಿದರೆ ಇನ್ನೂ ಒಳ್ಳೆಯದು.
ಸತ್ಯ: ಶಾಖ ಹೊರುವ ಶಕ್ತಿ ಗ್ಲೈಕಾಲ್‌ಗಿಂತ ನೀರಿಗೇ ಹೆಚ್ಚು. ಶುದ್ಧ ಗ್ಲೈಕಾಲ್ ಮೈನಸ್ 13 ಡಿಗ್ರಿಯಲ್ಲಿ ಹೆಪ್ಪುಗಟ್ಟಿದರೆ, ಸಮಪಾಲಿನ ಮಿಶ್ರಣ ಸುಮಾರು ಮೈನಸ್ 37 ಡಿಗ್ರಿವರೆಗೂ ತಡೆಯುತ್ತದೆ. ಆದ್ದರಿಂದ ಡಿಸ್ಟಿಲ್ಡ್ ವಾಟರ್ ಬೆರೆಸಬೇಕು. ಬೆರೆಸಿಯೇ ಮಾರುವ ಕೂಲಂಟ್‌ಗೆ ಮತ್ತೆ ನೀರು ಸೇರಿಸಬಾರದು.

ತಪ್ಪು ಕಲ್ಪನೆ 3: ಬಣ್ಣ ಒಂದೇ ಆಗಿದ್ದರೆ ಕೂಲಂಟ್ ಕೂಡ ಒಂದೇ.
ಸತ್ಯ: ಹಸಿರು, ಕೆಂಪು, ನೀಲಿ ಎಲ್ಲವೂ ಕಂಪನಿಗಳು ಸೇರಿಸಿದ ಬಣ್ಣ. ಒಳಗಿನ ತುಕ್ಕುನಿರೋಧಕಗಳು ಬೇರೆ ಬೇರೆ ಇರಬಹುದು. ವಾಹನದ ಕೈಪಿಡಿ ಹೇಳಿದ್ದನ್ನೇ ಹಾಕಿ.

ತಪ್ಪು ಕಲ್ಪನೆ 4: ಎಥಿಲೀನ್ ಗ್ಲೈಕಾಲ್‌ನ ಉಪಯೋಗ ವಾಹನಗಳಿಗಷ್ಟೇ.
ಸತ್ಯ: ಇದರ ದೊಡ್ಡ ಪಾಲು ಹೋಗುವುದು ಪಾಲಿಯೆಸ್ಟರ್ ಬಟ್ಟೆಗೆ ಮತ್ತು ಪೆಟ್ ಬಾಟಲಿಗೆ. ಟೆರೆಫ್ತಾಲಿಕ್ ಆಮ್ಲದ ಜತೆ ಸೇರಿ ಉದ್ದನೆಯ ಸರಪಳಿಯಾದ ಮೇಲೆ ಅದು ದ್ರವ ಗ್ಲೈಕಾಲ್ ಆಗಿ ಉಳಿಯುವುದಿಲ್ಲ. ಪಾಲಿಯೆಸ್ಟರ್ ಸೀರೆ ಉಟ್ಟರೆ ಗ್ಲೈಕಾಲ್ ಮೈಗೆ ಹತ್ತುತ್ತದೆಂಬ ಭಯ ಬೇಡ.

ತಪ್ಪು ಕಲ್ಪನೆ 5: ಸಿಹಿಯಾಗಿದೆ, ಸ್ವಲ್ಪ ಹೊಟ್ಟೆಗೆ ಹೋದರೆ ಏನೂ ಆಗದು.
ಸತ್ಯ: ಇದು ಘೋರ ವಿಷ. ಯಕೃತ್ತು ಇದನ್ನು ಒಡೆದಾಗ ಆಕ್ಸಾಲಿಕ್ ಆಮ್ಲ ಹುಟ್ಟುತ್ತದೆ. ಅದು ಕ್ಯಾಲ್ಸಿಯಂ ಜತೆ ಸೇರಿ ಹರಳುಗಟ್ಟಿ ಮೂತ್ರಪಿಂಡವನ್ನು ಹಾಳುಮಾಡುತ್ತದೆ. ಮೊದಲಿಗೆ ಅಮಲೇರಿದಂತೆ ಕಂಡು, ಮೂತ್ರಪಿಂಡದ ತೊಂದರೆ ಒಂದೆರಡು ದಿನ ತಡವಾಗಿ ಗೊತ್ತಾಗಬಹುದು. 2022ರಲ್ಲಿ ಗ್ಯಾಂಬಿಯಾದಲ್ಲಿ ಮಕ್ಕಳ ಸಾವಿನ ಬೆನ್ನಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಕೆ ನೀಡಿದ ಸಿರಪ್‌ಗಳಲ್ಲಿ ಕಲಬೆರಕೆಯಾಗಿದ್ದುದು ಇದೇ ಗ್ಲೈಕಾಲ್ ಮತ್ತು ಇದರ ಸಂಬಂಧಿ ಡೈಎಥಿಲೀನ್ ಗ್ಲೈಕಾಲ್.

ಕೂಲಂಟನ್ನು ಎಂದೂ ನೀರಿನ ಅಥವಾ ತಂಪು ಪಾನೀಯದ ಬಾಟಲಿಗೆ ಸುರಿದಿಡಬೇಡಿ. ನೆಲಕ್ಕೆ ಚೆಲ್ಲಿದ್ದನ್ನು ನಾಯಿ, ಮಕ್ಕಳು ಮುಟ್ಟುವ ಮೊದಲೇ ಒರೆಸಿ ತೊಳೆಯಿರಿ. ಯಾರಾದರೂ ಕುಡಿದಿದ್ದರೆ ಲಕ್ಷಣಕ್ಕೆ ಕಾಯದೆ, ಡಬ್ಬಿಯ ಸಮೇತ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಬೇಗ ತಲುಪಿದರೆ ಇದಕ್ಕೆ ಚಿಕಿತ್ಸೆ ಇದೆ.