ಖಾಲಿ ಪ್ಯಾಕೇಜಿನ ಬೆನ್ನಿಗೆ ಬರುವ ಕನ್ನಡ

ಉತ್ತೂರ, ಗಡಹಿಂಗ್ಲಜ ಕಡೆ ಝೆರಾಕ್ಸ್ ಅಂಗಡಿ ಇಟ್ಟವರ ಕಂಪ್ಯೂಟರಿಗೆ ಎರಡು ಲಿಪಿ ಗೊತ್ತಿರಬೇಕು. ಹೊಲ ಇಲ್ಲೇ ಇದ್ದವರು ಸಾತಬಾರಾ ಉತಾರ ಕೇಳುತ್ತಾರೆ; ಸಂಕೇಶ್ವರ, ನಿಪ್ಪಾಣಿ ಕಡೆ ಒಂದೆರಡು ಎಕರೆ ಉಳಿಸಿಕೊಂಡವರಿಗೆ ಪಹಣಿ ಬೇಕು. ಪರದೆಯ ಮೇಲೆ ಮರಾಠಿ ನೆಟ್ಟಗೆ ಬಂದು ಕನ್ನಡದ ಜಾಗದಲ್ಲಿ ಚೌಕ ಚೌಕ ಡಬ್ಬಿ ಕಂಡರೆ, ಆ ಯಂತ್ರದಲ್ಲಿ ಕನ್ನಡ ಫಾಂಟ್ ಇಲ್ಲ ಎಂದೇ ತಿಳಿಯಬೇಕು. ಲಿನಕ್ಸ್ ಕುಟುಂಬದ ಡೆಬಿಯನ್ ಅಥವಾ ಉಬುಂಟು ಹಾಕಿದ್ದರೆ ಅದಕ್ಕೊಂದು ಪ್ಯಾಕೇಜ್ ಇದೆ. ಹೆಸರು ಫಾಂಟ್ಸ್-ಕೆಎನ್‌ಡಿಎ. ತಮಾಷೆಯೆಂದರೆ ಅದರೊಳಗೆ ಕನ್ನಡದ ಒಂದು ಅಕ್ಷರವೂ ಇಲ್ಲ. ‘ನಾನು ಬಂದರೆ ಲೋಹಿತ್, ನವಿಲು ಇಂಥ ಫಾಂಟುಗಳ ಪ್ಯಾಕೇಜುಗಳೂ ಬರಬೇಕು’ ಎಂಬ ಷರತ್ತಷ್ಟೇ ಅದರ ಸರಕು. ಖಾಲಿ ಕೈಯಲ್ಲಿ ಬಂದು ಉಳಿದವರನ್ನು ಕರೆತರುತ್ತದೆ.

ಈ ‘ಕರೆತರುವ’ ಕೆಲಸವೇ ಅಪ್‌ಡೇಟಿನ ಅರ್ಧ ಜೀವ. 1993ರಲ್ಲಿ ಇಯಾನ್ ಮರ್ಡಾಕ್ ಡೆಬಿಯನ್ ಶುರು ಮಾಡಿದರು. ಮರುವರ್ಷ ಡಿಪಿಕೆಜಿ ಎಂಬ ಪ್ರೋಗ್ರಾಂ ಬಂತು. ಅದು ಕೈಗೆ ಕೊಟ್ಟ ಪ್ಯಾಕೇಜನ್ನು ಬಿಚ್ಚಿ ಹಾಕುತ್ತಿತ್ತು. ಬೇಕಾದ ಇನ್ನೊಂದು ಇರದಿದ್ದರೆ ಕೆಲಸ ಅಲ್ಲೇ ನಿಲ್ಲಿಸಿ, ‘ಅದನ್ನು ತಾ’ ಎನ್ನುತ್ತಿತ್ತು. ತರುವುದು ನಿಮ್ಮ ಪಾಡು. ಈ ಪಾಡು ತಪ್ಪಿಸಲು ಹುಟ್ಟಿದ ಆಪ್ಟ್, 1999ರ ಡೆಬಿಯನ್ 2.1ರ ಜೊತೆ ಎಲ್ಲರಿಗೂ ಸಿಕ್ಕಿತು. ಒಂದು ಪ್ಯಾಕೇಜ್ ಕೇಳಿದರೆ ಅದರ ಬೆನ್ನಿಗಿರುವ ಇಡೀ ಸಾಲನ್ನು ಅದೇ ಲೆಕ್ಕ ಹಾಕುತ್ತದೆ. ಇದಕ್ಕೆ ಲೈಬ್ರರಿಯ ಹೊಸ ಆವೃತ್ತಿ ಬೇಕು, ಅದಕ್ಕೆ ಹಳೆಯದೇ ಆಗಬೇಕು, ಇವೆರಡು ಒಂದೇ ಯಂತ್ರದಲ್ಲಿ ಇರಕೂಡದು: ಇಂಥ ಷರತ್ತುಗಳು ಸಾವಿರಗಟ್ಟಲೆ. ಗಣಿತದ ಪ್ರಕಾರ ಇದು ಎನ್‌ಪಿ-ಕಂಪ್ಲೀಟ್ ಎಂಬ ಕುಖ್ಯಾತ ಜಾತಿಯ ಸಮಸ್ಯೆ. ಆದರೂ ದಿನನಿತ್ಯದಲ್ಲಿ ಕೆಲವೇ ಸೆಕೆಂಡಿನಲ್ಲಿ ಬಗೆಹರಿಯುತ್ತದೆ. ಪ್ಯಾಕೇಜ್ ಕಟ್ಟುವವರು ಷರತ್ತುಗಳನ್ನು ಜಗಳಕ್ಕೆ ಬೀಳದಂತೆ ಬರೆದಿರುವುದೇ ಅದಕ್ಕೆ ಕಾರಣ.

ಪ್ಯಾಕೇಜ್ ದಾರಿಯಲ್ಲಿ ಕಲಬೆರಕೆಯಾದರೆ? ಸರ್ವರ್ ಮೊದಲು ಒಂದು ಚಿಕ್ಕ ಫೈಲ್ ಕಳಿಸುತ್ತದೆ, ಅದರ ಮೇಲೆ ಡಿಜಿಟಲ್ ಸಹಿ ಇರುತ್ತದೆ. ಸಹಿ ಪರೀಕ್ಷಿಸುವ ಕೀಲಿ ನಿಮ್ಮ ಯಂತ್ರಕ್ಕೆ ಮೊದಲ ದಿನವೇ ಬಂದು ಕೂತಿದೆ. ಆ ಫೈಲಿನಲ್ಲಿ ಪ್ಯಾಕೇಜುಗಳ ಪಟ್ಟಿಯ ಹ್ಯಾಶ್, ಅಂದರೆ ಅದರ ಒಳಸರಕಿನಿಂದ ಲೆಕ್ಕ ಹಾಕಿ ತೆಗೆದ ಗುರುತು, ಇದೆ. ಪಟ್ಟಿಯಲ್ಲಿ ಪ್ರತಿ ಪ್ಯಾಕೇಜಿನ ಹ್ಯಾಶ್, 64 ಅಕ್ಷರಗಳದ್ದು. ನಡುವೆ ಯಾರಾದರೂ ಒಂದೇ ಒಂದು ಬಿಟ್ ತಿದ್ದಿದರೂ ಹ್ಯಾಶ್ ಹೊಂದುವುದಿಲ್ಲ, ಯಂತ್ರ ಅದನ್ನು ಒಲ್ಲೆ ಎನ್ನುತ್ತದೆ. ಹೀಗಾಗಿ ಪ್ಯಾಕೇಜ್ ಯಾವ ಕಾಲೇಜಿನ ಸರ್ವರಿನಿಂದ ಬಂದರೂ ನಡೆದೀತು. ಆ ಸರ್ವರನ್ನು ನಂಬುವ ಅಗತ್ಯವೇ ಇಲ್ಲ. ನನಗೆ ಇಡೀ ವ್ಯವಸ್ಥೆಯಲ್ಲಿ ಅತಿ ಚೆಂದ ಕಾಣುವುದು ಇದೇ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಶಾಲೆಯಲ್ಲಿ ಬಳಸುವ ಕೈಟ್ ಗ್ನೂ/ಲಿನಕ್ಸಿನ ಬುನಾದಿಯೂ ಉಬುಂಟುವೇ, ಅಂದರೆ ಅಲ್ಲಿಯೂ ಕಾವಲು ಸಹಿ-ಹ್ಯಾಶ್‌ಗಳ ಇದೇ ಸರಪಳಿಯದು.

ಇನ್ನು ಕರೆಂಟಿನ ವಿಷಯ. ನಮ್ಮ ಕಡೆ ಅಪ್‌ಡೇಟ್ ಎಂದರೆ ಮೊದಲ ಅಂಜಿಕೆ ಅದರದ್ದೇ: ಅರ್ಧಕ್ಕೆ ಹೋದರೆ ಏನು ಗತಿ? ಇಚಲಕರಂಜಿಯ ಪವರ್‌ಲೂಮ್ ನೋಡಿದವರಿಗೆ ಉತ್ತರ ಬೇಗ ಹೊಳೆಯುತ್ತದೆ. ಬೀಮಿನ ನೂಲು ತೀರಿದಾಗ ಹೊಸ ಬೀಮನ್ನು ಮಗ್ಗದ ಮೇಲೇ ಕೂತು ಸುತ್ತುವುದಿಲ್ಲ. ಸೈಜಿಂಗ್ ಮಾಡಿ, ಪೂರ್ತಿ ತಯಾರು ಮಾಡಿ ತಂದ ಬೀಮಿನ ಎಳೆಗಳನ್ನು ಹಳೆಯ ಎಳೆಗಳ ತುದಿಗೆ ಗಂಟು ಹಾಕುತ್ತಾರೆ, ಅಷ್ಟೇ. ಡಿಪಿಕೆಜಿ ಕೂಡ ಹೊಸ ಫೈಲನ್ನು ಹಳೆಯದರ ಮೇಲೆ ಬರೆಯುವುದಿಲ್ಲ. ಪಕ್ಕದಲ್ಲಿ ಬೇರೆ ಹೆಸರಲ್ಲಿ ಪೂರ್ತಿ ಬರೆದಿಟ್ಟು, ಡಿಸ್ಕಿಗೆ ಮುಟ್ಟಿದ್ದು ಖಾತ್ರಿಯಾದ ಮೇಲೆ ಹೆಸರನ್ನಷ್ಟೇ ಬದಲಿಸುತ್ತದೆ. ಹೆಸರು ಬದಲಿಸುವುದು ಒಂದೇ ಏಟಿನ ಕೆಲಸ: ಆ ಹೆಸರಿನಲ್ಲಿ ಹಳೆಯ ಫೈಲ್ ಇರುತ್ತದೆ ಇಲ್ಲವೇ ಹೊಸದು, ಅರೆಬರೆ ಫೈಲ್ ಇರುವುದಿಲ್ಲ. ಯಾವ ಪ್ಯಾಕೇಜ್ ಎಲ್ಲಿಯವರೆಗೆ ಬಂತೆಂದು ದಾಖಲೆಯನ್ನೂ ಬರೆಯುತ್ತ ಹೋಗುವುದರಿಂದ, ಕರೆಂಟ್ ಬಂದ ಮೇಲೆ ‘ಡಿಪಿಕೆಜಿ ಕಾನ್ಫಿಗರ್’ ಎಂದರೆ ನಿಂತಲ್ಲಿಂದ ಮುಂದುವರಿಯುತ್ತದೆ.

ಹೆಸರು ಬದಲಾದಾಗ ಆ ಫೈಲನ್ನು ಬಳಸುತ್ತಿದ್ದ ಪ್ರೋಗ್ರಾಂ ಏನಾಗುತ್ತದೆ? ಏನೂ ಆಗುವುದಿಲ್ಲ. ಹಳೆಯ ಫೈಲಿನ ಹೆಸರು ಹೋಗಿರುತ್ತದೆ, ಆದರೆ ತೆರೆದುಕೊಂಡವರು ಮುಚ್ಚುವ ತನಕ ಡಿಸ್ಕಿನಲ್ಲಿ ಉಳಿದಿರುತ್ತದೆ. ಅದಕ್ಕೇ ಬ್ರೌಸರ್ ಅಪ್‌ಡೇಟ್ ಆದ ಮೇಲೂ ಮುಚ್ಚಿ ತೆರೆಯುವವರೆಗೆ ಹಳೆಯದೇ ಓಡುತ್ತಿರುತ್ತದೆ. ವಿಂಡೋಸಿನಲ್ಲಿ ಬಳಕೆಯಲ್ಲಿರುವ ಫೈಲನ್ನು ಹೀಗೆ ಸುಲಭಕ್ಕೆ ಬದಲಿಸಲು ಬರುವುದಿಲ್ಲ. ‘ಬಂದ್ ಮಾಡಬೇಡಿ’ ಎಂದು ಗಿರಾಕಿಯ ಎದುರೇ ಶೇಕಡಾ ಎಣಿಸುತ್ತ ಕೂರುವ ನೀಲಿ ಪರದೆಗೆ ಇದೂ ಒಂದು ಕಾರಣ. ಫಾಂಟಿನದ್ದು ಇನ್ನೂ ಸುಲಭ. ಎಲ್ಲ ಫಾಂಟ್ ಪ್ಯಾಕೇಜುಗಳು ಇಳಿದ ಮೇಲೆ, ಕೊನೆಗೊಮ್ಮೆ ಫಾಂಟುಗಳ ಯಾದಿಯನ್ನು ಹೊಸದಾಗಿ ಮಾಡಿದರಾಯಿತು. ಡಬ್ಬಿ ಹೋಗಿ ಅಕ್ಷರಗಳು ಬರುತ್ತವೆ.

ಆದರೆ ಸಹಿ ಹೇಳುವುದು ಯಾರು ಕಳಿಸಿದರು ಎಂಬುದನ್ನು ಮಾತ್ರ. ಕಳಿಸಿದ್ದು ಒಳ್ಳೆಯದೋ ಅಲ್ಲವೋ ಎಂಬುದು ಅದಕ್ಕೆ ತಿಳಿಯದು. 2024ರ ಮಾರ್ಚಿನಲ್ಲಿ ಇದು ಬಯಲಾಯಿತು. ಎಕ್ಸ್‌ಝಡ್ ಎಂಬುದು ಫೈಲ್ ಕುಗ್ಗಿಸುವ ಪ್ರೋಗ್ರಾಂ. ಡೆಬಿಯನ್ ಪ್ಯಾಕೇಜುಗಳನ್ನು ಕುಗ್ಗಿಸುವುದೂ ಅದೇ. ಜಿಯಾ ತಾನ್ ಎಂಬ ಹೆಸರಿಟ್ಟುಕೊಂಡ ಯಾರೋ ಎರಡು ವರ್ಷಕ್ಕೂ ಮೀರಿ ನಿಷ್ಠೆಯಿಂದ ದುಡಿದು, ನಂಬಿಕೆ ಗಳಿಸಿ, 5.6.0 ಮತ್ತು 5.6.1 ಆವೃತ್ತಿಗಳೊಳಗೆ ಕಳ್ಳಬಾಗಿಲು ಇಟ್ಟಿದ್ದರು. ಸಹಿ, ಹ್ಯಾಶ್ ಎಲ್ಲ ಸರಿ ಇತ್ತು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರಿಗೆ, ದೂರದ ಯಂತ್ರಕ್ಕೆ ಲಾಗಿನ್ ಆಗುವಾಗ ಅರ್ಧ ಸೆಕೆಂಡ್ ಯಾಕೆ ಹೆಚ್ಚು ಹಿಡಿಯುತ್ತಿದೆ ಎಂಬ ಅನುಮಾನ ಬಂತು. ಅದರ ಬೆನ್ನು ಹತ್ತಿ ಹೋಗಿ ಎಕ್ಸ್‌ಝಡ್‌ನಲ್ಲಿ ಸಿಕ್ಕಿದ್ದನ್ನು ಮಾರ್ಚ್ 29ರಂದು ಬಹಿರಂಗ ಮಾಡಿದರು.

ಡೆಬಿಯನ್ನಿನಲ್ಲಿ ಹೊಸ ಆವೃತ್ತಿ ಮೊದಲು ‘ಅನ್‌ಸ್ಟೇಬಲ್’ಗೆ, ಅಲ್ಲಿ ಕೆಲ ದಿನ ಕಳೆದು ‘ಟೆಸ್ಟಿಂಗ್’ಗೆ, ತಿಂಗಳುಗಟ್ಟಲೆ ಕಾದು ‘ಸ್ಟೇಬಲ್’ಗೆ ಬರುತ್ತದೆ. ಕಳ್ಳಬಾಗಿಲು ಮೊದಲೆರಡನ್ನು ದಾಟಿತ್ತು, ಮೂರನೆಯದನ್ನು ಮುಟ್ಟಿರಲಿಲ್ಲ. ಹಾಕಿಕೊಂಡವರನ್ನು ಹಳೆಯ 5.4.5ಕ್ಕೆ ವಾಪಸ್ ತರಬೇಕಿತ್ತು. ಆದರೆ ಆಪ್ಟ್ ಅಪ್‌ಗ್ರೇಡ್ ಮೇಲಿನ ಸಂಖ್ಯೆಗೆ ಹೋಗುತ್ತದೆಯೇ ಹೊರತು ತಾನಾಗಿ ಕೆಳಗಿಳಿಯುವುದಿಲ್ಲ. ಅದಕ್ಕೆ ಡೆಬಿಯನ್ನಿನವರು ಹಳೆಯದನ್ನೇ ಹೊಸ ಅಪ್‌ಡೇಟ್ ಮಾಡಿ ಕಳಿಸಿದರು. ಅದರ ಮೇಲೆ ಬರೆದ ಆವೃತ್ತಿ: ‘5.6.1+ರಿಯಲಿ5.4.5-1’.